ಕಸದ ಋಣ

ನಮ್ಮ ಕಡೆಯ ಮಾತಿನಲ್ಲಿ ಕಸ ಎಂಬುದಕ್ಕೆ ಎರಡು ಅರ್ಥ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ತಿಪ್ಪೆಗೆ ಚೆಲ್ಲುವುದು ಒಂದು ಕಸ. ಹೆರಿಗೆಯಾದಾಗ ಕೂಸಿನ ಹಿಂದಿನಿಂದ ಹೊರಬೀಳುವುದು ಇನ್ನೊಂದು ಕಸ. ಪುಸ್ತಕದಲ್ಲಿ ಅದಕ್ಕೆ ಜರಾಯು ಎಂದು ಹೆಸರು, ಡಾಕ್ಟರು ಪ್ಲಾಸೆಂಟಾ ಎನ್ನುತ್ತಾರೆ, ಕೆಲವು ಮನೆಗಳಲ್ಲಿ ಮಾಸು ಎನ್ನುವುದುಂಟು. ನಾನು ಹುಟ್ಟಿ ಬೆಳೆದ ಹಾನಗಲ್ ತಾಲೂಕಿನ ಆಡೂರಿನ ನಮ್ಮ ಓಣಿಯಲ್ಲಿ ಅದು ಬರೀ ಕಸ. ಹೊರಗೆ ಕಟ್ಟೆಯ ಮೇಲೆ ಕುಳಿತ ಗಂಡಸರು "ಗಂಡೋ ಹೆಣ್ಣೋ" ಎಂದು ಕೇಳುತ್ತಿದ್ದರೆ, ಒಳಗಿನ ಹಿರಿಯ ಹೆಂಗಸರು ಸೂಲಗಿತ್ತಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ "ಕಸ ಬಿತ್ತೇನವಾ?" ಎಂಬುದು. ಕಸ ಬಿದ್ದರೆ ತಾಯಿ ಉಳಿದಳೆಂದು ಅರ್ಥ. ಅದು ಒಳಗೇ ನಿಂತರೆ ರಕ್ತ ಹರಿಯುತ್ತಲೇ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಕೂಸು ಉಳಿದು ತಾಯಿ ಹೋದದ್ದು ಹೀಗೆಯೇ.

ಬಿದ್ದ ಕಸವನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಬಚ್ಚಲ ಹಿಂದೆ ತಗ್ಗು ತೋಡಿ, ನಾಯಿ ಕೆದರದಂತೆ ಮೇಲೊಂದು ಕಲ್ಲು ಹೇರಿ ಮುಚ್ಚಿಬಿಟ್ಟರೆ ಮುಗಿಯಿತು. ಆಕಳ ಕಸಕ್ಕೇ ಹೆಚ್ಚು ಮರ್ಯಾದೆ. ಅದನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ತೂಗುಹಾಕುತ್ತಿದ್ದರು. ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಆಕಳೂ ಹಾಲು ಸುರಿಸುತ್ತದೆ ಎಂಬ ನಂಬಿಕೆ. ಆಡೂರಿನಲ್ಲಿ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನವಿದೆ. ಅರಸರ ಕಾಲದ ದಾನದತ್ತಿಗಳನ್ನು ಕಲ್ಲಿನಲ್ಲಿ ಕೊರೆದಿಟ್ಟ ಊರು ನಮ್ಮದು. ಆದರೆ ಅದೇ ಊರಿನಲ್ಲಿ ಎಷ್ಟು ತಾಯಂದಿರು ಕಸ ಬೀಳದೆ ಹೋದರು ಎಂದು ಹೇಳುವ ಕಲ್ಲು ಯಾವುದೂ ಇಲ್ಲ.

ಮೂವತ್ತು ವರ್ಷ ಹುಡುಗಿಯರಿಗೆ ಜೀವಶಾಸ್ತ್ರ ಕಲಿಸಿದವಳು ನಾನು. ಹೃದಯ, ಮೂತ್ರಪಿಂಡ, ಕಣ್ಣು, ಕಿವಿ ಎಲ್ಲದಕ್ಕೂ ಚಿತ್ರ ಬರೆಸುತ್ತಿದ್ದೆ. ಪಠ್ಯದಲ್ಲಿ ಪ್ಲಾಸೆಂಟಾಕ್ಕೆ ಇದ್ದದ್ದು ಒಂದು ಪುಟವೂ ಅಲ್ಲ. ಹೆಣ್ಣಿನ ದೇಹದೊಳಗೆ ಒಂಬತ್ತು ತಿಂಗಳ ಮಟ್ಟಿಗೆ ಹುಟ್ಟಿ, ದುಡಿದು, ಸತ್ತು ಹೊರಬೀಳುವ ಒಂದು ಇಡೀ ಅಂಗ ಅದು. ದಿನ ತುಂಬಿದಾಗ ಸಣ್ಣ ಜೋಳದ ರೊಟ್ಟಿಯಷ್ಟು ಅಗಲ, ಒಂದು ಇಂಚು ದಪ್ಪ, ಅರ್ಧ ಕಿಲೋ ತೂಕ. ಕೂಸಿಗೆ ಉಸಿರು ಕೊಡುವ ಶ್ವಾಸಕೋಶ ಅದೇ, ಉಣಿಸುವ ಕರುಳು ಅದೇ, ಹೊಲಸು ತೆಗೆಯುವ ಮೂತ್ರಪಿಂಡವೂ ಅದೇ. ತಾಯಿಯ ರಕ್ತ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ಆ ಕಡೆಗೆ ಹರಿಯುತ್ತದೆ. ಆದರೂ ತಾಯಿಯ ರಕ್ತ ಬೇರೆ, ಕೂಸಿನ ರಕ್ತ ಬೇರೆ. ನಡುವೆ ತೆಳುವಾದ ಪೊರೆಯೊಂದು ನಿಂತು ಕೊಡುವುದನ್ನು ಕೊಟ್ಟು, ತಡೆಯುವುದರಲ್ಲಿ ಆದಷ್ಟನ್ನು ತಡೆಯುತ್ತದೆ. ಇನ್ನೂ ಒಂದು ಸೋಜಿಗವಿದೆ. ಈ ಅಂಗ ಮುಖ್ಯವಾಗಿ ಬೆಳೆಯುವುದು ತಾಯಿಯ ಮೈಯಿಂದಲ್ಲ, ಭ್ರೂಣದಿಂದ. ಅಂದರೆ ಅದರಲ್ಲಿ ಅರ್ಧ ಪಾಲು ತಂದೆಯದು. ಅತ್ತೆಮನೆಯವರು ಸೊಸೆಯ ಒಡಲಿನಲ್ಲೇ ಒಂದು ಮನೆ ಹೂಡಿದ ಹಾಗೆ ಎಂದು ನಾನು ಕ್ಲಾಸಿನಲ್ಲಿ ಹೇಳಿದರೆ ಹುಡುಗಿಯರು ನಗುತ್ತಿದ್ದರು.

ನಗುವ ವಿಷಯವನ್ನು ಮತ್ತೆ ಕುಳಿತು ಓದುವ ಹಾಗಾದದ್ದು ನನ್ನ ತಂಗಿಯ ಮಗಳ ಬಸಿರಿನಿಂದ. ಏಳು ತಿಂಗಳಿಗೆ ಕುಬುಸ ಮಾಡಿ ಹಸಿರು ಬಳೆ ತೊಡಿಸಿ ಕಳಿಸಿದ್ದೆವು. ಎಂಟನೆಯ ತಿಂಗಳಲ್ಲಿ ಅವಳ ಮುಖ ಊದಿಕೊಂಡಿತು, ಬಳೆ ಕೈಗೆ ಬಿಗಿಯಾದವು. "ಮೈ ತುಂಬಿಕೊಂಡಾಳ" ಎಂದು ನೆರೆಯವರು ಸಂತೋಷಪಟ್ಟರು. ತಲೆನೋವು ಎಂದಳು, ಕಣ್ಣಮುಂದೆ ಮಿಂಚು ಹೊಡೆದಂತಾಗುತ್ತದೆ ಎಂದಳು. ಅವಳನ್ನು ತೋರಿಸುತ್ತಿದ್ದ ಜಾಗದಲ್ಲಿ ಹಿಂದಿನ ಎರಡು ಸಲ ಯಾರೂ ರಕ್ತದೊತ್ತಡ ನೋಡಿರಲೇ ಇಲ್ಲ. ಕೊನೆಗೆ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದಾಗ ಬಿಪಿ ನೂರಾ ಎಪ್ಪತ್ತು ದಾಟಿತ್ತು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಕೂಸನ್ನು ಅವತ್ತೇ ಹೊರತೆಗೆದರು. ಒಂದು ಕಿಲೋ ನಾನೂರು ಗ್ರಾಂ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಮಗ್ಗುಲಲ್ಲಿ ಮಲಗಬೇಕಾದ ಕೂಸು ಐದು ವಾರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತು. ಉಳಿಯಿತು. ತಾಯಿಯೂ ಉಳಿದಳು.

"ಯಾಕ ಹಿಂಗಾತು ದೊಡ್ಡವ್ವಾ?" ಎಂದು ಅವಳು ನನ್ನನ್ನು ಕೇಳಿದಳು. ಉಪ್ಪು ಜಾಸ್ತಿ ತಿಂದೆನೇನು, ಚಿಂತೆ ಮಾಡಿದೆನೇನು, ಗ್ರಹಣದ ದಿನ ಹೊರಗೆ ಬಂದೆನೇನು ಎಂದು ತನ್ನದೇ ತಪ್ಪು ಹುಡುಕುತ್ತಿದ್ದಳು. ಡಾಕ್ಟರು ಹೇಳಿದ್ದು ಒಂದೇ ಮಾತು: "ಕಸ ಸರಿಯಾಗಿ ಬೇರು ಬಿಟ್ಟಿರಲಿಲ್ಲ." ಆ ಮಾತಿನ ಬೆನ್ನು ಹತ್ತಿ ನಾನು ಓದುತ್ತ ಹೋದೆ. ಓದಿದ್ದು ನನ್ನನ್ನು ತಂದು ನಿಲ್ಲಿಸಿದ್ದು ನಾನು ಎಣಿಸಿರದ ಕಡೆ, ಮಂಗಗಳ ಮುಂದೆ.

ಕಾರಣ ಸರಳವಾಗಿದೆ. ಹೆಣ್ಣಿನ ಕಸವನ್ನು ಕೈಯಲ್ಲಿ ಹಿಡಿದು ನೋಡಲು ವಿಜ್ಞಾನಕ್ಕೆ ಸಿಗುವ ಹೊತ್ತು ಎರಡೇ. ಒಂದು, ಮೊದಲ ಮೂರು ತಿಂಗಳಲ್ಲಿ ಗರ್ಭ ಇಳಿದಾಗ ಅಥವಾ ಇಳಿಸಿದಾಗ. ಇನ್ನೊಂದು, ಹೆರಿಗೆಯಾದ ಮೇಲೆ. ಮೊದಲನೆಯದರಲ್ಲಿ ಕೆಲಸ ಈಗಷ್ಟೇ ಶುರುವಾಗಿರುತ್ತದೆ, ಎರಡನೆಯದರಲ್ಲಿ ಮುಗಿದಿರುತ್ತದೆ. ನಡುವಿನ ತಿಂಗಳುಗಳಲ್ಲಿ ಅದು ದುಡಿಯುತ್ತಿರುವಾಗ ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಒಲೆಯ ಮೇಲೆ ಬೇಯುತ್ತಿರುವ ಅಡಿಗೆಯನ್ನು ನೋಡದೆ, ತೊಳೆಯಲು ಹಾಕಿದ ಪಾತ್ರೆಯನ್ನಷ್ಟೇ ನೋಡಿ ಪಾಕ ಕಲಿಯುವ ಪ್ರಯತ್ನ ಅದು.

ಹಾಗಾದರೆ ನಮ್ಮ ಕೊಟ್ಟಿಗೆಯ ಆಕಳನ್ನೇ ನೋಡಬಾರದೇ ಎಂದು ಕೇಳಬಹುದು. ಆಕಳ ಕಸ ನಮ್ಮದರಂತಿಲ್ಲ. ಅದು ಗರ್ಭಕೋಶಕ್ಕೆ ಅಲ್ಲಲ್ಲಿ ಗುಂಡಿ ಹಾಕಿದ ಹಾಗೆ ಅಂಟಿಕೊಂಡಿರುತ್ತದೆ, ಒಳಗೆ ಬೇರಿಳಿಸಿ ತಾಯಿಯ ರಕ್ತದಲ್ಲಿ ಮೀಯುವುದಿಲ್ಲ. ಇದರ ಪರಿಣಾಮವನ್ನು ನಾವೆಲ್ಲ ಕಂಡವರೇ. ಹುಟ್ಟಿದ ಕರುವಿಗೆ ಗಿಣ್ಣದ ಹಾಲು ತಡವಿಲ್ಲದೆ ಕುಡಿಸಬೇಕು, ಇಲ್ಲವಾದರೆ ಅದು ರೋಗಕ್ಕೆ ತುತ್ತಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರಲ್ಲವೇ? ಆಕಳ ಕಸ ತಾಯಿಯ ರೋಗನಿರೋಧಕ ಶಕ್ತಿಯನ್ನು ಕರುವಿಗೆ ದಾಟಿಸುವುದಿಲ್ಲ. ಕರು ಹುಟ್ಟಿದ ಮೇಲೆ ಗಿಣ್ಣದಿಂದಲೇ ಅದನ್ನು ಪಡೆಯಬೇಕು. ಹೆಣ್ಣಿನ ಕಸ ಅದನ್ನು ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ಕಟ್ಟಿಕೊಟ್ಟು ಕಳಿಸುತ್ತದೆ. ಹೀಗೆ ಬುತ್ತಿ ಕಟ್ಟುವುದರಲ್ಲಿ, ತಾಯಿಯ ರಕ್ತದಲ್ಲಿ ನೇರವಾಗಿ ಮೀಯುವುದರಲ್ಲಿ ನಮಗೆ ಹತ್ತಿರದ ಬಳಗವೆಂದರೆ ಮಂಗ.

ನಮ್ಮ ಸೀಮೆಯ ಮಂಗವನ್ನೇ ನೋಡಿ. ಗೋವಿನಜೋಳದ ತೆನೆ ಮುರಿಯುವ, ಮಾವಿನ ತೋಪು ಹಾಳುಮಾಡುವ, ಹಂಚು ಸರಿಸುವ ಈ ಪ್ರಾಣಿಯ ತಲೆಯ ಮೇಲೆ ಕೂದಲು ನಡುವೆ ಬೈತಲೆ ತೆಗೆದಂತೆ ಎರಡು ಕಡೆಗೆ ಬಿದ್ದಿರುತ್ತದೆ. ಟೊಪ್ಪಿಗೆಯಂತೆ ಕಾಣುವುದರಿಂದ ಇಂಗ್ಲಿಷರು ಬಾನೆಟ್ ಮಂಗ ಎಂದರು. ಅದು ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನದೂ ಅಲ್ಲ. ಹೆಣ್ಣು ಮಂಗ ನಮ್ಮಂತೆಯೇ ತಿಂಗಳಿಗೊಮ್ಮೆ ಮುಟ್ಟಾಗುತ್ತದೆ. ಸುಮಾರು ಐದೂವರೆ ತಿಂಗಳು ಬಸಿರು ಹೊರುತ್ತದೆ, ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ಕಾಂತೇಶನಿಗೆ ಕೈಮುಗಿದು ಬರುವ ನಾವು, ದಾರಿಯಲ್ಲಿ ಹೊಟ್ಟೆಗೆ ಮರಿ ಅವಚಿಕೊಂಡ ಮಂಗನನ್ನು ಕಂಡರೆ ಒಂದು ಬಾಳೆಹಣ್ಣು ಎಸೆಯದೆ ಮುಂದೆ ಹೋಗುವುದಿಲ್ಲ.

ಬಸಿರಿನ ವಿಜ್ಞಾನಕ್ಕಾಗಿ ಮಂಗಗಳನ್ನು ಕ್ರಮವಾಗಿ ಸಾಕಲು ತೊಡಗಿದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ, 1925ರಲ್ಲಿ. ಕಾರ್ನೆಗಿ ಸಂಸ್ಥೆಯ ಭ್ರೂಣಶಾಸ್ತ್ರ ವಿಭಾಗದಲ್ಲಿ ಕಾರ್ಲ್ ಹಾರ್ಟ್‌ಮನ್ ಎಂಬವರು ರೀಸಸ್ ಜಾತಿಯ ಮಂಗಗಳನ್ನು ಇಟ್ಟುಕೊಂಡು ಅವುಗಳ ಮುಟ್ಟಿನ ದಿನ, ಕೂಡಿದ ದಿನ, ಬಸಿರಿನ ದಿನ ಎಲ್ಲವನ್ನೂ ಬರೆದಿಟ್ಟರು. ಹೆಣ್ಣುಮಕ್ಕಳಲ್ಲಿ ಗರ್ಭ ನಿಂತ ದಿನವನ್ನು ಅಂದಾಜಿಸಬೇಕು. ಮಂಗನಲ್ಲಿ ದಿನ ಎಣಿಸಿ ಹೇಳಬಹುದು. ಅದೇ ಅದರ ಬೆಲೆ. ಹಾರ್ಟ್‌ಮನ್ 1941ರಲ್ಲಿ ಒಂದು ವಿಚಿತ್ರ ಸಂಗತಿ ತೋರಿಸಿದರು. ಬಸಿರಿನ 25ನೆಯ ದಿನ ಮಂಗನ ಅಂಡಾಶಯ ತೆಗೆದುಹಾಕಿದರೂ ಗರ್ಭ ಬೀಳಲಿಲ್ಲ. ಮೊದಲ ದಿನಗಳಲ್ಲಿ ಅಂಡಾಶಯ ಕೊಡುವ ಹಾರ್ಮೋನಿನ ಆಸರೆಯಲ್ಲಿದ್ದ ಗರ್ಭ, ಅಷ್ಟರೊಳಗೆ ತನ್ನ ಕಸದಿಂದಲೇ ಆ ಹಾರ್ಮೋನು ಪಡೆಯತೊಡಗಿತ್ತು. ಹೆಣ್ಣಿನಲ್ಲಿ ಈ ಕೈಬದಲು ನಡೆಯುವುದು ಏಳರಿಂದ ಒಂಬತ್ತನೆಯ ವಾರದ ಸುಮಾರಿಗೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳಬಾರದು ಎಂಬ ನಮ್ಮ ಅಜ್ಜಿಯರ ಕಟ್ಟಳೆ ಹುಟ್ಟಿದ್ದು ಈ ಕಾಲದ ಗಂಡಾಂತರಗಳನ್ನು ಕಂಡೇ ಇರಬೇಕು.

ಅದೇ ಸಂಸ್ಥೆಯಲ್ಲಿ ದುಡಿದ ಒಬ್ಬ ಹೆಣ್ಣುಮಗಳನ್ನು ಇಲ್ಲಿ ನೆನೆಯಬೇಕು. ಎಲಿಜಬೆತ್ ರಾಮ್ಸೆ, 1906ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ವೈದ್ಯೆ. 1934ರಲ್ಲಿ ಒಂದು ಶವಪರೀಕ್ಷೆಯ ವೇಳೆ ಎರಡು ವಾರದ ಮನುಷ್ಯ ಭ್ರೂಣ ಅವರ ಕಣ್ಣಿಗೆ ಬಿತ್ತು. ಅಷ್ಟು ಎಳೆಯದನ್ನು ಕಂಡವರು ಆಗ ಬೆರಳೆಣಿಕೆಯಷ್ಟು. ಅಲ್ಲಿಂದ ಅವರು ಬದುಕಿನುದ್ದಕ್ಕೂ ಕಸದ ರಕ್ತಸಂಚಾರದ ಬೆನ್ನು ಬಿದ್ದರು. ಬಸುರಿ ಮಂಗಗಳ ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು, ಎಕ್ಸ್‌ರೇ ಚಲನಚಿತ್ರ ತೆಗೆದು, ತಾಯಿಯ ರಕ್ತ ಕಸದೊಳಗೆ ಕಾರಂಜಿಯಂತೆ ಚಿಮ್ಮಿ ಬರುತ್ತದೆ, ಗರ್ಭಕೋಶ ಬಿಗಿದುಕೊಂಡಾಗ ಆ ಚಿಮ್ಮುವಿಕೆ ತಗ್ಗುತ್ತದೆ ಎಂದು ತಮ್ಮ ಜೊತೆಗಾರರೊಂದಿಗೆ 1960ರ ದಶಕದ ಹೊತ್ತಿಗೆ ತೋರಿಸಿಕೊಟ್ಟರು. ಇಂದು ಹೆರಿಗೆಯ ಕೋಣೆಯಲ್ಲಿ ನೋವು ಬಂದು ಹೋಗುವಾಗಲೆಲ್ಲ ನರ್ಸು ಕೂಸಿನ ಎದೆಬಡಿತ ಕೇಳುತ್ತಾಳಲ್ಲ, ಆ ಎಚ್ಚರಿಕೆಯ ಅರ್ಥ ಇಲ್ಲಿದೆ. ಪ್ರತಿ ನೋವೂ ಕೂಸಿಗೆ ಒಂದು ಕ್ಷಣ ಉಸಿರು ಹಿಡಿದಂತೆ.

ಆ ರೀಸಸ್ ಮಂಗಗಳು ಬಹುಮಟ್ಟಿಗೆ ಹೋದದ್ದು ನಮ್ಮ ದೇಶದಿಂದಲೇ, ಉತ್ತರದ ಬಯಲಿನಿಂದ. ಪೋಲಿಯೊ ಲಸಿಕೆಯ ಕಾಲದಲ್ಲಿ ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದರು. ಕೊನೆಗೆ ಮೊರಾರ್ಜಿ ದೇಸಾಯಿಯವರ ಸರ್ಕಾರ 1978ರ ಏಪ್ರಿಲ್‌ನಿಂದ ಈ ರಫ್ತನ್ನು ನಿಲ್ಲಿಸಿತು. ಮಂಗಗಳು ನಿಂತರೂ ಅವುಗಳ ಹೆಸರು ಉಳಿದಿದೆ, ಅದೂ ನಮ್ಮೆಲ್ಲರ ಪರ್ಸಿನಲ್ಲಿ. ಬಸುರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪಿನ ಮುಂದೆ ಆರ್‌ಎಚ್ ಪಾಸಿಟಿವ್ ಅಥವಾ ನೆಗೆಟಿವ್ ಎಂದು ಬರೆದಿರುತ್ತಾರೆ. ಆರ್‌ಎಚ್ ಎಂದರೆ ರೀಸಸ್. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬಿಬ್ಬರು ಆ ಮಂಗನ ರಕ್ತದಿಂದ ನಡೆಸಿದ ಪ್ರಯೋಗದಲ್ಲಿ ಈ ಹೆಸರು ಹುಟ್ಟಿತು. ಮಂಗನಲ್ಲಿದ್ದ ಗುರುತು ಮನುಷ್ಯರದೇ ಅಲ್ಲ, ಕೊಂಚ ಬೇರೆ ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ನಮ್ಮ ದೇಶದಲ್ಲಿ ನೂರರಲ್ಲಿ ಸುಮಾರು ಐದು ಜನ ನೆಗೆಟಿವ್. ಅಂಥ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಕೂಸಿದ್ದರೆ, ಕಸ ಬಿಡುವ ಹೊತ್ತಿನಲ್ಲಿ ಕೂಸಿನ ರಕ್ತದ ನಾಲ್ಕು ಹನಿ ತಾಯಿಯ ಮೈಗೆ ನುಗ್ಗಿ, ಮುಂದಿನ ಕೂಸಿಗೆ ವೈರಿಯನ್ನು ಹುಟ್ಟಿಸಿಡಬಹುದು. ಮೊದಲನೆಯದು ಚೆನ್ನಾಗಿ ಹುಟ್ಟಿ ಆಮೇಲಿನವು ಅರಿಸಿನವಾಗಿ ಸಾಯುತ್ತಿದ್ದ ಮನೆಗಳನ್ನು ಊರಿನವರು ಶಾಪದ ಮನೆ ಎನ್ನುತ್ತಿದ್ದರು. 1968ರಿಂದ ಅದಕ್ಕೆ ಆಂಟಿ-ಡಿ ಎಂಬ ಚುಚ್ಚುಮದ್ದು ಇದೆ. ಹೆರಿಗೆಯಾದ 72 ಗಂಟೆಯೊಳಗೆ ಕೊಡಬೇಕು. ನಮ್ಮ ನೆರೆಯ ಅಕ್ಕಿಆಲೂರು ರಕ್ತದಾನಿಗಳ ಊರೆಂದು ಹೆಸರಾಗಿದೆ. ಅಲ್ಲಿಯ ಹುಡುಗರು ತಮ್ಮ ಗುಂಪನ್ನು ಎದೆ ತಟ್ಟಿ ಹೇಳುವಾಗ ಒಂದು ಮಂಗನ ಹೆಸರನ್ನೂ ಜೊತೆಗೆ ಹೇಳುತ್ತಿದ್ದಾರೆ.

ಇಷ್ಟೆಲ್ಲ ದೂರದ ಮಾತಾಯಿತು. ನಮ್ಮ ಬೈತಲೆಯ ಮಂಗನ ಕಥೆ ನಡೆದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅಲ್ಲಿ ಪ್ರೊಫೆಸರ್ ಎನ್.ಆರ್. ಮೌದ್ಗಲ್ ಮತ್ತು ಅವರ ಜೊತೆಗಾರರು ಬಾನೆಟ್ ಮಂಗಗಳಲ್ಲಿ ಬಸಿರು ನಿಲ್ಲುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1976ರಲ್ಲಿ ಮೌದ್ಗಲ್ಲರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಅವರ ಪ್ರಶ್ನೆ ಇದು: ಗರ್ಭ ನಿಂತಿದೆ ಎಂದು ತಾಯಿಯ ಮೈಗೆ ಸುದ್ದಿ ಮುಟ್ಟಿಸುವವರು ಯಾರು? ಸುದ್ದಿ ಮುಟ್ಟಿಸುವುದು ಕಸವೇ. ಇನ್ನೂ ಕಣ್ಣಿಗೆ ಕಾಣದಷ್ಟು ಎಳೆಯದಾಗಿರುವಾಗ ಅದು ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. "ಈ ತಿಂಗಳು ಮುಟ್ಟಾಗಬೇಡ, ನಾನು ಬಂದಿದ್ದೇನೆ" ಎಂಬ ಓಲೆ ಅದು. ಇವತ್ತು ಔಷಧಿ ಅಂಗಡಿಯಲ್ಲಿ ತಂದು ಬಚ್ಚಲಲ್ಲಿ ನಿಂತು ನೋಡುವ ಎರಡು ಗೆರೆಯ ಪಟ್ಟಿ ಓದುವುದೂ ಇದೇ ಓಲೆಯನ್ನು. ಬೆಂಗಳೂರಿನ ತಂಡ ಆ ಬಗೆಯ ಹಾರ್ಮೋನನ್ನು ಕಟ್ಟಿಹಾಕುವ ಪ್ರತಿವಿಷವನ್ನು ಬಸುರಿ ಮಂಗಗಳಿಗೆ ಕೊಟ್ಟಾಗ ಎಳೆಯ ಗರ್ಭ ಇಳಿದುಹೋಯಿತು. ಇದು 1975ರ ಸುಮಾರಿನ ಕೆಲಸ. ಓಲೆ ತಲುಪದಿದ್ದರೆ ಬಸಿರಿಲ್ಲ ಎಂಬುದು ಹೀಗೆ ಖಚಿತವಾಯಿತು. ಅದೇ ಸಂಸ್ಥೆಯ ಪ್ರೊಫೆಸರ್ ಎ. ಜಗನ್ನಾಥ ರಾವ್ ಅವರು ಮನುಷ್ಯರ ಕಸದ ಊತಕಗಳನ್ನೇ ಇಟ್ಟುಕೊಂಡು ಈ ಹಾರ್ಮೋನು ತಯಾರಾಗುವ ಬಗೆಯನ್ನು ಬಿಡಿಸಿ ನೋಡಿದರು. ಅಡಿಗೆಮನೆಯ ಹಿಂದೆ ನಾವು ಹೂಳುತ್ತಿದ್ದ ವಸ್ತು ಅಲ್ಲಿ ಗಾಜಿನ ತಟ್ಟೆಯಲ್ಲಿ ಜೋಪಾನವಾಗಿ ಕುಳಿತಿತ್ತು.

ಈಗ ನನ್ನ ತಂಗಿಯ ಮಗಳ ಪ್ರಶ್ನೆಗೆ ಬರುತ್ತೇನೆ. ಕಸ ಸರಿಯಾಗಿ ಬೇರು ಬಿಡುವುದೆಂದರೆ, ಅದರ ಜೀವಕೋಶಗಳು ತಾಯಿಯ ಗರ್ಭಕೋಶದ ಸುರುಳಿ ಸುರುಳಿಯಾದ ರಕ್ತನಾಳಗಳೊಳಗೆ ಇಳಿದು, ಸಣ್ಣ ನಾಲೆಯನ್ನು ಅಗಲವಾದ ಕಾಲುವೆಯನ್ನಾಗಿ ಮಾಡುವುದು. ಕೆಲವು ಬಸಿರಿನಲ್ಲಿ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮೊದಮೊದಲು ಕೂಸು ಸಣ್ಣದಿರುವಾಗ ಅಷ್ಟು ನೀರೇ ಸಾಕು. ಎಂಟನೆಯ ತಿಂಗಳಿಗೆ ಬೆಳೆ ದೊಡ್ಡದಾಗಿ ನೀರು ಸಾಲದಾಗುತ್ತದೆ. ಹಸಿದ ಕಸ ಸುಮ್ಮನಿರುವುದಿಲ್ಲ. ಅದು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ, ಅವು ಅವಳ ಮೈಯ ರಕ್ತನಾಳಗಳನ್ನೆಲ್ಲ ಕೆಡಿಸುತ್ತವೆ. ಬಿಪಿ ಏರುತ್ತದೆ, ಮೂತ್ರಪಿಂಡ ಸೋರುತ್ತದೆ, ಕೊನೆಗೆ ಮೂರ್ಛೆ. ಇದು ಬರೀ ಊಹೆಯೋ ನಿಜವೋ ಎಂದು ನೋಡಲು ಆಸ್ಟ್ರೇಲಿಯದ ಸಿಡ್ನಿಯ ಸಂಶೋಧಕರು ಬಸುರಿ ಬಬೂನ್‌ಗಳಲ್ಲಿ ಗರ್ಭಕೋಶಕ್ಕೆ ಹೋಗುವ ಎರಡು ರಕ್ತನಾಳಗಳಲ್ಲಿ ಒಂದನ್ನು ಕಟ್ಟಿದರು. ಆ ತಾಯಿ ಬಬೂನ್‌ಗಳ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನು ಕಂಡಿತು, ಹಸಿದ ಕಸದ ಆ ವಸ್ತು ರಕ್ತದಲ್ಲಿ ಹೆಚ್ಚಿತು. ಇದು ಪ್ರಕಟವಾದದ್ದು 2007ರಲ್ಲಿ. ನಾನು ಅದನ್ನು ಓದಿ ಮುಗಿಸಿ ಹುಡುಗಿಗೆ ಹೇಳಿದೆ: "ನೋಡವಾ, ಉಪ್ಪಿಂದಲ್ಲ, ಗ್ರಹಣದ್ದಲ್ಲ. ನೀ ಏನೂ ತಪ್ಪು ಮಾಡಿಲ್ಲ." ಅವಳು ಅತ್ತಳು. ಆ ಒಂದು ಮಾತನ್ನು ನಾನು ಧೈರ್ಯವಾಗಿ ಹೇಳುವಂತೆ ಮಾಡಿದ್ದು ಎಲ್ಲಿಯದೋ ಬಬೂನ್ ತಾಯಂದಿರು.

ಹಾಗೆಂದು ಮಂಗನನ್ನು ನೋಡಿದರೆ ಹೆಣ್ಣನ್ನು ಪೂರ್ತಿ ತಿಳಿದಂತೆ ಅಲ್ಲ. ರೀಸಸ್ ಮಂಗನ ಕಸ ಸಾಮಾನ್ಯವಾಗಿ ಎರಡು ಬಿಲ್ಲೆಗಳಾಗಿರುತ್ತದೆ, ನಮ್ಮದು ಒಂದೇ. ಅದರ ಬಸಿರಿನ ಓಲೆ ಮೊದಲ ಕೆಲವು ವಾರ ಬಂದು ನಿಂತುಬಿಡುತ್ತದೆ, ನಮ್ಮದು ಹೆರಿಗೆಯವರೆಗೂ ಬರುತ್ತಿರುತ್ತದೆ. ಮುಖ್ಯವಾಗಿ, ಅದರ ಕಸ ನಮ್ಮದರಷ್ಟು ಆಳಕ್ಕೆ ಬೇರಿಳಿಸುವುದಿಲ್ಲ. ಅಷ್ಟು ಆಳಕ್ಕೆ ಇಳಿಯುವುದು ಚಿಂಪಾಂಜಿ, ಗೊರಿಲ್ಲಾಗಳಲ್ಲಿ. ಅವು ನಮಗೆ ಎಷ್ಟು ಹತ್ತಿರವೆಂದರೆ ಅವನ್ನು ಹೀಗೆ ಬಳಸಲು ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ಚಿಂಪಾಂಜಿಗಳ ಮೇಲಿನ ಪ್ರಯೋಗಗಳಿಗೆ ತನ್ನ ಬೆಂಬಲವನ್ನು ಮುಗಿಸಿತು. ಹತ್ತಿರವಾದಷ್ಟೂ ಉಪಯೋಗ ಹೆಚ್ಚು, ಹತ್ತಿರವಾದಷ್ಟೂ ಮುಟ್ಟಲು ಸಂಕಟ. ಈ ವಿಜ್ಞಾನದ ಧರ್ಮಸಂಕಟ ಅಷ್ಟರಲ್ಲೇ ಇದೆ.

ಈ ಸಂಕಟವನ್ನು ನನಗೆ ನೇರವಾಗಿ ಹೇಳಿದವರು ನಮ್ಮ ಅತ್ತೆಯವರು. ತೊಂಬತ್ತು ಸಮೀಪಿಸಿದ ಜೀವ. ನಾನು ಓದಿದ್ದನ್ನು ಸಂಜೆ ಅವರ ಮುಂದೆ ಹೇಳಿದೆ. ದಿನ ಎಣಿಸಿ ಬಸುರಿ ಮಂಗನ ಹೊಟ್ಟೆ ಕುಯ್ದು ಕಸ ತೆಗೆಯುವುದನ್ನು, ಎಷ್ಟೋ ಮರಿಗಳು ಹುಟ್ಟದೆಯೇ ಹೋದದ್ದನ್ನು ಮುಚ್ಚಿಡಲಿಲ್ಲ. ಅವರು ಜಪಮಣಿ ಕೆಳಗಿಟ್ಟರು.

"ಹನಮಪ್ಪನ ಕುಲ ಅದು. ಅದರ ಬಸರಿಗೆ ಕೈ ಹಾಕಿದ್ರನ?"

"ಹೌದ್ರೀ ಅತ್ತಿ."

ಬಹಳ ಹೊತ್ತು ಮಾತಿಲ್ಲ. ಆಮೇಲೆ ತಮ್ಮ ಅಕ್ಕನ ಸುದ್ದಿ ತೆಗೆದರು. ಚೊಚ್ಚಲ ಬಸುರಿ, ಮೈಯೆಲ್ಲ ಬಾವು ಬಂದು, ಕಣ್ಣು ಮಂಜಾಗಿ, ಹಲ್ಲು ಕಚ್ಚಿ ಬಿದ್ದವಳು ಏಳಲಿಲ್ಲ. ಗಾಳಿ ಸೋಂಕಿತು ಎಂದು ಬೇವಿನ ಸೊಪ್ಪು ಹಿಡಿದು ಬಡಿದಿದ್ದರಂತೆ. "ಅಕಿಗಿ ಆಗಿದ್ದೂ ಇದೇ ಏನು?" ಎಂದು ಕೇಳಿದರು. ಇರಬೇಕು ಎಂದೆ. ಅವರು ಕಣ್ಣೊರಸಿಕೊಂಡು ಅಂದರು: "ಹಂಗಾದ್ರ ಆ ಮಂಗ್ಯಾನ ಋಣ ನಮ್ಮ ಮ್ಯಾಲ ಐತಿ. ಋಣ ಇಟ್ಕೊಂಡು ಸಾಯಬಾರದವಾ."

ಋಣ ಎಂಬ ಈ ಮಾತು ನನಗೆ ಸರಿಯೆನಿಸಿತು. ಪಾಪ ಎಂದರೆ ಕಿವಿ ಮುಚ್ಚಿಕೊಂಡು ಕೂರುತ್ತೇವೆ, ಪ್ರಗತಿ ಎಂದರೆ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತೇವೆ. ಋಣ ಎಂದರೆ ಲೆಕ್ಕ ಇಡಬೇಕಾಗುತ್ತದೆ. ಲೆಕ್ಕದ ಒಂದು ಬದಿಯನ್ನು ಕಾನೂನು ನೋಡಿಕೊಳ್ಳುತ್ತದೆ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1998ರಲ್ಲಿ ನಿಯಮಗಳು ಬಂದು, ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಸಮಿತಿಯ ಅಪ್ಪಣೆ ಬೇಕಾಯಿತು. ಬೇರೆ ದಾರಿಗಳೂ ತೆರೆಯುತ್ತಿವೆ. 2014ರಲ್ಲಿ ಅಮೆರಿಕದಲ್ಲಿ ಬಸುರಿಗೆ ನೋವಾಗದಂತೆ ಹೊರಗಿನಿಂದಲೇ ಕಸದ ಕೆಲಸ ನೋಡುವ ಉಪಾಯಗಳಿಗಾಗಿ ಒಂದು ದೊಡ್ಡ ಯೋಜನೆ ಶುರುವಾಯಿತು. 2018ರಲ್ಲಿ ಮಾರ್ಗರಿಟಾ ಟರ್ಕೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕೇಂಬ್ರಿಜ್‌ನಲ್ಲಿ ಮನುಷ್ಯರ ಕಸದ ಜೀವಕೋಶಗಳಿಂದ ಕಾಳಿನಷ್ಟು ಸಣ್ಣ ಮಾದರಿಗಳನ್ನು ತಟ್ಟೆಯಲ್ಲಿಯೇ ಬೆಳೆಸಿದರು. ಅವು ಬಸಿರಿನ ಓಲೆಯನ್ನೂ ಹೊರಡಿಸಿದವು, ಔಷಧಿ ಅಂಗಡಿಯ ಪಟ್ಟಿಯಲ್ಲಿ ಗೆರೆ ಮೂಡುವಷ್ಟು. ಬಸುರಿಯರೂ ತಮ್ಮ ಮೈಯನ್ನೇ ಮುಂದೊಡ್ಡಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 1,700ಕ್ಕೂ ಹೆಚ್ಚು ಬಸುರಿಯರು ಒಪ್ಪಿ ಪಾಲ್ಗೊಂಡರು. ಅಪಾಯ ಹೆಚ್ಚಿರುವವರಿಗೆ ಮೂರನೆಯ ತಿಂಗಳ ಸುಮಾರಿನಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ, ಅವಧಿಗೆ ಮುಂಚೆ ಬರುವ ಈ ಬಿಪಿಯ ಕಾಯಿಲೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು ಅದರಿಂದ ತಿಳಿಯಿತು. ನನ್ನ ತಂಗಿಯ ಮಗಳು ಎರಡನೆಯ ಬಸಿರಿನಲ್ಲಿ ಡಾಕ್ಟರು ಹೇಳಿದಂತೆ ದಿನಾ ರಾತ್ರಿ ಆ ಗುಳಿಗೆ ತೆಗೆದುಕೊಂಡಳು. ದಿನ ತುಂಬಿ ಹೆತ್ತಳು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದಲ್ಲ, ಕೇಳದೆ ನುಂಗುವ ಗುಳಿಗೆಯೂ ಅದಲ್ಲ.

ಮಂಗಗಳ ಕೆಲಸ ಇನ್ನೂ ಮುಗಿದಿಲ್ಲವೆಂಬುದನ್ನೂ ಹೇಳಬೇಕು. ಬಸುರಿಗೆ ಸೊಳ್ಳೆ ಕಚ್ಚಿ ಜೀಕಾ ಜ್ವರ ಬಂದರೆ ಕೂಸಿನ ಮಿದುಳಿಗೆ ಪೆಟ್ಟಾಗಬಹುದೆಂದು 2016ರಲ್ಲಿ ಜಗತ್ತು ನಡ��ಗಿದಾಗ, ವೈರಸ್ಸು ಕಸವನ್ನು ಹೇಗೆ ದಾಟುತ್ತದೆಂದು ನೋಡಲು ಮತ್ತೆ ಬಸುರಿ ಮಂಗಗಳೇ ಬೇಕಾದವು. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿಯೂ ಆ ಜ್ವರದ ಒಂದು ಪ್ರಕರಣ ಕಂಡಿತು. ದೂರದ್ದು ಎಂದು ಯಾವುದನ್ನೂ ಬಿಡುವಂತಿಲ್ಲ.

ಲೆಕ್ಕದ ಇನ್ನೊಂದು ಬದಿ ನಮ್ಮದು. ಇಷ್ಟು ಜೀವಗಳ ಬೆಲೆ ತೆತ್ತು ತಿಳಿದದ್ದು ಕೊನೆಗೆ ಬಂದು ನಿಲ್ಲುವುದು ಬಹಳ ಸಾದಾ ಕೆಲಸಗಳಲ್ಲಿ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವುದು, ಮೂತ್ರ ಪರೀಕ್ಷೆ ಮಾಡಿಸುವುದು, ರಕ್ತದ ಗುಂಪು ಬರೆಸುವುದು. 2016ರಲ್ಲಿ ಶುರುವಾದ ಯೋಜನೆಯ ಪ್ರಕಾರ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಪುಕ್ಕಟೆಯಾಗಿ ತಪಾಸಣೆ ಮಾಡುತ್ತಾರೆ. ಆ ದಿನ ಹೊಲದಲ್ಲಿ ಕಳೆ ತೆಗೆಯುವುದಿದೆ ಎಂದು, ಮನೆಗೆ ನೆಂಟರು ಬಂದರೆಂದು, ಮುಖ ಊದಿದ್ದನ್ನು ಮೈ ತುಂಬಿದ್ದು ಎಂದು ತಪ್ಪಿಸಿಕೊಂಡರೆ, ಅಥವಾ ಬಂದವಳ ತೋಳಿಗೆ ಪಟ್ಟಿ ಸುತ್ತದೆ ಹಾಗೆಯೇ ಕಳಿಸಿದರೆ, ಆ ತಿಳಿವಳಿಕೆಗೆ ಬೆಲೆ ತೆತ್ತವರು ಸುಮ್ಮನೆ ಸತ್ತ ಹಾಗೆ. ಗೊತ್ತಿಲ್ಲದೆ ಹೋದ ಕಾಲಕ್ಕೆ ಕ್ಷಮೆಯಿದೆ. ಗೊತ್ತಿದ್ದೂ ಬಳಸದಿದ್ದರೆ ಋಣ ಎರಡು ಪಟ್ಟಾಗುತ್ತದೆ.

ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ಬಸುರಿಯಾಗಿದ್ದರೆ ಅವಳ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಬಿಪಿ ಬರೆಯುವ ಮನೆಗಳಲ್ಲಿ ಯಾವುದಾದರೂ ಖಾಲಿ ಇದ್ದರೆ, ಮುಂದಿನ ಸಲ ಜೊತೆಗೆ ಹೋಗಿ "ಇದನ್ನ ತುಂಬ್ರಿ" ಎಂದು ಕೇಳಿ, ತುಂಬಿಸಿಕೊಂಡೇ ಬನ್ನಿ.